ಅತ್ತೆ ಕೇಳಿದ್ದು, ಕೇಳದೆ ಬಿಟ್ಟಿದ್ದು

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ರಫೂ ಕೆಲಸದವರು. ಇಲಿ ಕಡಿದ ಕೋಟು, ಕಿಡಿ ಬಿದ್ದು ಸುಟ್ಟ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಏನೇ ತಂದುಕೊಟ್ಟರೂ ಅಲ್ಲೊಂದು ತೂತಿತ್ತು ಅನ್ನುವ ಗುರುತೇ ಉಳಿಯದ ಹಾಗೆ ಸೂಜಿಯಲ್ಲಿ ನೇಯ್ದು ಮುಚ್ಚಿ ಕೊಡುತ್ತಿದ್ದರು. ಈ ಕೆಲಸಕ್ಕೆ ನೂಲನ್ನು ಹೊರಗಿನಿಂದ ತರುವ ಹಾಗಿಲ್ಲ. ಎಷ್ಟು ಹುಡುಕಿ ತಂದರೂ ಬಣ್ಣ ಎಲ್ಲೋ ಒಂಚೂರು ಬೇರೆಯಾಗಿ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಅದೇ ಬಟ್ಟೆಯ ಒಳಮಡಿಕೆಯಿಂದಲೋ ಜೇಬಿನ ಹಿಂಬದಿಯಿಂದಲೋ ಎಳೆ ಬಿಡಿಸಿ ತೆಗೆದು, ಅದರಿಂದಲೇ ತೂತು ತುಂಬಬೇಕು. ಬೀದಿಯಲ್ಲಿ ಎಲ್ಲರಿಗೂ ಅವರು ರಫೂ ಅಕ್ಕ.

ನಾವಿದ್ದದ್ದು ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಮ್ಮ ಅಡುಗೆಮನೆಯ ಕಿಟಕಿಗೂ ಎದುರು ಕಟ್ಟಡದ ಅಡುಗೆಮನೆಯ ಕಿಟಕಿಗೂ ನಡುವೆ ಒಂದು ತೋಳಿನಷ್ಟೇ ಜಾಗ. ಅವರ ಮಾತು ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ. ಅದಕ್ಕೇ ಎರಡೂ ಮನೆಯವರು ಪಿಸುದನಿಯಲ್ಲಿ ಜಗಳ ಆಡುವುದನ್ನು ಕಲಿತುಬಿಟ್ಟಿದ್ದರು. ಅತ್ತೆಗೆ ಮದುವೆಯ ಮಾತು ಒಂದೆರಡು ಸಲ ಬಂದು, ಬಾಗಿಲತನಕ ಬಂದು, ತಿರುಗಿ ಹೋಗಿತ್ತು. ಆಮೇಲೆ ಬರುವುದೇ ನಿಂತಿತು. ಅತ್ತೆಯೂ ದಾರಿ ಕಾಯುವುದನ್ನು ಬಿಟ್ಟರು. ನಾನು ಹುಟ್ಟಿದ ಮೇಲೆ ಅವರಿಗೆ ಪುರುಸೊತ್ತೂ ಇರಲಿಲ್ಲ.

ನಾನು ಅವರನ್ನು ಬಿಟ್ಟು ಒಂದು ಗಳಿಗೆ ಇರುತ್ತಿರಲಿಲ್ಲವಂತೆ. ತಿಂದರೆ ಅವರ ಕೈಯಿಂದಲೇ ತಿನ್ನಬೇಕಿತ್ತಂತೆ, ಮಲಗಿದರೆ ಅವರ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡೇ ಮಲಗಬೇಕಿತ್ತಂತೆ. ಅವರು ಕೆಲಸಕ್ಕೆ ಹೊರಟರೆ ಚಪ್ಪಲಿ ಬಚ್ಚಿಡುತ್ತಿದ್ದೆನಂತೆ. ಹೆತ್ತು ಕಷ್ಟಪಟ್ಟವಳು ನಾನು, ಬಾಚಿಕೊಂಡವಳು ಅವಳು ಎಂದು ಅಮ್ಮ ಎಲ್ಲರೆದುರೂ ಹೇಳಿ ನಗುತ್ತಿದ್ದಳಂತೆ. ಇದಕ್ಕೆಲ್ಲ ‘ಅಂತೆ’ ಸೇರಿಸಿ ಹೇಳುತ್ತಿರುವುದು ಯಾಕೆಂದರೆ ನನಗೆ ಇದರಲ್ಲಿ ಒಂದೂ ನೆನಪಿಲ್ಲ. ಯಾಕೆ ನೆನಪಿಲ್ಲ ಅನ್ನುವುದನ್ನು ಅತ್ತೆಯೇ ನನಗೆ ಹೇಳಿದರು, ನನಗೆ ಕೆಲಸ ಸಿಕ್ಕ ವರ್ಷ. ನಂಬು ಅಂತ ಅವರು ಹೇಳಲಿಲ್ಲ. ನನಗೂ ನಂಬಬೇಕು ಅನ್ನುವ ಹಟವಿರಲಿಲ್ಲ. ಆದರೆ ಕೇಳಿದ ಮೇಲೆ ನಂಬದೆ ಇರಲು ಆಗಲಿಲ್ಲ.

ಅತ್ತೆ ಕೆಲಸ ಮಾಡುತ್ತಿದ್ದದ್ದು ಒಂದು ಡ್ರೈಕ್ಲೀನಿಂಗ್ ಅಂಗಡಿಯ ಹಿಂಬದಿಯಲ್ಲಿ. ಮಾಲೀಕರಿಗೆ ‘ನಾಳೆ ಸಾಹುಕಾರ’ ಎಂದು ಹೆಸರು ಬಿದ್ದಿತ್ತು. ಯಾರು ಏನು ಕೇಳಲು ಬಂದರೂ ‘ನಾಳೆ ಖಂಡಿತ’ ಅನ್ನುವರು. ಆ ನಾಳೆಗೆ ಕಾದು ಬೇಸತ್ತು ಕೆಲವರು ಬಟ್ಟೆಯ ಆಸೆಯನ್ನೇ ಬಿಟ್ಟಿದ್ದರು. ಹೀಗೆ ಯಾರೂ ಒಯ್ಯದೆ ಉಳಿದ ಬಟ್ಟೆಗಳನ್ನು ಹಿಂದಿನ ಒಂದು ಸಣ್ಣ ಕೋಣೆಯಲ್ಲಿ ತೂಗುಹಾಕಿದ್ದರು. ಅಂಗಡಿ ಮೊದಲು ಹೊಲಿಗೆಯ ಅಂಗಡಿಯಾಗಿದ್ದಾಗ ಅದು ಗಿರಾಕಿಗಳು ಬಟ್ಟೆ ಹಾಕಿ ನೋಡಿಕೊಳ್ಳುವ ಕೋಣೆ. ಗೋಡೆಯಲ್ಲಿ ಆಳೆತ್ತರದ ಕನ್ನಡಿ ಇನ್ನೂ ಹಾಗೇ ಇತ್ತು, ಅಂಚಿನಲ್ಲಿ ಪಾದರಸ ಕಪ್ಪಿಟ್ಟಿತ್ತು. ಆ ಕೋಣೆಯಲ್ಲಿ ಮಾತ್ರ ಮಧ್ಯಾಹ್ನದ ಬೆಳಕು ನೇರವಾಗಿ ಬರುತ್ತಿದ್ದದ್ದರಿಂದ ಅತ್ತೆಯ ಸ್ಟೂಲು ಅಲ್ಲಿತ್ತು. ಬೇರೆಯವರು ಒಳಗೆ ಹೋಗಲು ಮನಸ್ಸು ಮಾಡುತ್ತಿರಲಿಲ್ಲ. ಇಸ್ತ್ರಿಯವನು ಒಂದು ಸಲ ಹೋಗಿ ಬಂದು, ಫ್ಯಾನ್ ಇಲ್ಲ, ಕಿಟಕಿ ಮುಚ್ಚಿದೆ, ಆದರೂ ಎಲ್ಲಾ ಅಂಗಿ ತೋಳುಗಳೂ ಒಂದೇ ಕಡೆ ವಾಲಿಕೊಂಡಿವೆ ಎಂದು ಹೇಳಿದ್ದ. ಅತ್ತೆಗೆ ಬೆಳಕು ಬೇಕಿತ್ತು. ತೋಳು ಎತ್ತ ವಾಲಿದರೇನು ಅಂದುಕೊಂಡು ಕೂತರು.

ಅವರಿಗೆ ನಲವತ್ತರ ಹತ್ತಿರ ಕಣ್ಣು ಮಂಜಾಗತೊಡಗಿತು. ಕನ್ನಡಕ ಬದಲಾಯಿಸಿದರೂ ಸಣ್ಣ ಎಳೆ ಎರಡೆರಡಾಗಿ ಕಾಣುತ್ತಿತ್ತು. ಒಂದು ಮಧ್ಯಾಹ್ನ ಕಪ್ಪು ಕೋಟೊಂದರ ಮೇಲೆ ಬಗ್ಗಿ ಕೂತು, ಎಳೆ ಸಿಗದೆ, ಸೂಜಿ ಕೆಳಗಿಟ್ಟು, ಈ ಕಣ್ಣೊಂದು ಸರಿಯಾಗಿದ್ದಿದ್ದರೆ ಎಂದು ತಮ್ಮಷ್ಟಕ್ಕೆ ಗೊಣಗಿದರಂತೆ.

“ಏನು ಬೇಕಿತ್ತು?” ಎಂದು ಯಾರೋ ಕೇಳಿದರು.

ಗಿರಾಕಿ ಇರಬೇಕೆಂದು ತಲೆಯೆತ್ತಿದರೆ ಕೋಣೆಯಲ್ಲಿ ಯಾರೂ ಇಲ್ಲ. ಕನ್ನಡಿಯಲ್ಲಿ ಇದ್ದರು. ತೂಗುಹಾಕಿದ ಬಟ್ಟೆಗಳ ಸಾಲಿನ ನಡುವೆ, ಅಳತೆಯ ಟೇಪು ಕುತ್ತಿಗೆಗೆ ಹಾಕಿಕೊಂಡು, ಬರೀ ಅಂಗಿಯಲ್ಲಿ ನಿಂತ ಒಬ್ಬ ಗಂಡಸು. ಐವತ್ತಿನ್ನೂ ಆಗಿರದ ಮುಖ. ಅತ್ತೆ ಹಿಂದಕ್ಕೆ ತಿರುಗಿ ನೋಡಿದರು, ಬಟ್ಟೆ ಸರಿಸಿ ನೋಡಿದರು. ಮತ್ತೆ ಕನ್ನಡಿ ನೋಡಿದರೆ ಅವರು ಅಲ್ಲೇ ಇದ್ದಾರೆ. ಕಿರುಚಬೇಕಿತ್ತು, ಕಿರುಚಲಿಲ್ಲ ಎಂದು ಅತ್ತೆ ಹೇಳಿದರು. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು, “ಕಣ್ಣು.”

“ಸರಿ,” ಎಂದರು ಅವರು, ಪ್ಯಾಂಟಿನ ಉದ್ದ ಕಮ್ಮಿ ಮಾಡಿಕೊಡಿ ಅಂದರೆ ಟೈಲರುಗಳು ಸರಿ ಅನ್ನುವ ಹಾಗೆ.

ಮಾರನೆಯ ಬೆಳಿಗ್ಗೆ ಅತ್ತೆ ಕನ್ನಡಕವಿಲ್ಲದೆ ಎದುರು ಮನೆಯ ಗೋಡೆಯ ಕ್ಯಾಲೆಂಡರಿನ ಅಕ್ಷರ ಓದಿದರು. ಅಮ್ಮ ಡಾಕ್ಟರ ಮದ್ದು ಈಗ ನಾಟಿತು ಅಂದಳು. ಅತ್ತೆ ಹೌದು ಅಂದರು.

ಕೆಲವು ವಾರ ಕಳೆದ ಮೇಲೆ ಅಮ್ಮನೇ ಕೇಳಿದಳು, ನೀನು ಈಚೆಗೆ ಗುನುಗುವುದೇ ಇಲ್ಲವಲ್ಲ ಎಂದು. ಅತ್ತೆ ಪಾತ್ರೆ ತೊಳೆಯುವಾಗ, ಸೂಜಿ ಓಡಿಸುವಾಗ, ಸದಾ ಏನೋ ಒಂದು ಧಾಟಿ ಗುನುಗುತ್ತಿದ್ದವರು. ಅವರ ಅಮ್ಮ ಹೇಳುತ್ತಿದ್ದ ಹಾಡುಗಳು ಅವು. ಅತ್ತೆ ಗುನುಗಲು ನೋಡಿದರು. ಒಂದು ಸ್ವರವೂ ಬರಲಿಲ್ಲ. ಪದಗಳಿದ್ದವು, ಧಾಟಿ ಇರಲಿಲ್ಲ. ಬೀದಿಯಲ್ಲಿ ರೇಡಿಯೋ ಹಾಡಿದರೆ ಅವರಿಗೆ ಅದು ಯಾರೋ ಉದ್ದಕ್ಕೆ ಮಾತಾಡಿದ ಹಾಗೆ ಕೇಳುತ್ತಿತ್ತು.

ಸಿಟ್ಟಿನಿಂದಲೇ ಕನ್ನಡಿಯ ಮುಂದೆ ಹೋಗಿ ನಿಂತರು. ಆ ಮನುಷ್ಯ ತಪ್ಪಿಸಿಕೊಳ್ಳಲಿಲ್ಲ.

“ಹೊಸ ನೂಲು ತರೋಕೆ ನನ್ನ ಕೈಲಿ ಆಗಲ್ಲಮ್ಮ. ನಿಮ್ಮ ಬಟ್ಟೆಯಿಂದಲೇ ತೆಗೆದು ನಿಮ್ಮ ತೂತಿಗೆ ಹಾಕಬೇಕು. ಎಲ್ಲಿಂದ ಬರುತ್ತೆ ಅಂತ ನನಗೂ ಮೊದಲೇ ಗೊತ್ತಾಗಲ್ಲ.”

“ಮೊದಲೇ ಹೇಳಬೇಕಿತ್ತು.”

“ಹೌದು, ಹೇಳಬೇಕಿತ್ತು. ಬಹಳ ದಿನದಿಂದ ಯಾರೂ ಈ ಕಡೆ ನೋಡಿರಲಿಲ್ಲ. ಮಾತಾಡಿಸಿದ ಖುಷಿಯಲ್ಲಿ ಮರೆತೆ.”

ಬೇರೆ ಯಾರಿಗಾದರೂ ಈ ಉತ್ತರ ಸಾಲುತ್ತಿರಲಿಲ್ಲ. ಅತ್ತೆಗೆ ಮಾತ್ರ ಅದು ದಿನನಿತ್ಯ ತಾವೇ ಮಾಡುವ ಕೆಲಸವಾಗಿತ್ತು. ಸ್ಟೂಲು ಎಳೆದುಕೊಂಡು ಕೂತರು. ಇನ್ನು ಮುಂದೆ ಈ ಕೋಣೆಯಲ್ಲಿ ನಾನು ಏನೇ ಗೊಣಗಿದರೂ ಕಿವಿಗೆ ಹಾಕಿಕೊಳ್ಳಬೇಡಿ ಎಂದರು. ಅವರು ಒಪ್ಪಿಕೊಂಡರು.

ಅಲ್ಲಿಂದ ಮಧ್ಯಾಹ್ನಗಳೆಲ್ಲ ಅವರಿಬ್ಬರದೇ ಆದವು. ಹಿಂದೆ ಇದೇ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವರಂತೆ ಅವರು. ಅದಕ್ಕೇ ಅತ್ತೆ ಮಾಸ್ಟ್ರೇ ಎಂದು ಕರೆದರು. ಹೆಸರು ಕೇಳಿದಾಗ, ಇತ್ತು, ಈಗ ಯಾರೂ ಕರೆಯದೆ ಸವೆದುಹೋಗಿದೆ ಅಂದರಂತೆ. ಅವರಿಗೆ ಹೊರಗಿನ ಸುದ್ದಿ ಬೇಕಿತ್ತು. ಔಷಧಿ ಅಂಗಡಿಗೆ ಯಾವ ಬಣ್ಣ ಬಳಿದರು, ಬಸ್‌ಸ್ಟಾಪಿನಲ್ಲಿ ದಿನಾ ಜಗಳವಾಡುವ ಗಂಡ ಹೆಂಡತಿ ಇವತ್ತು ಯಾವುದಕ್ಕೆ ಆಡಿದರು, ಕ್ಷೌರಿಕ ಯಾರ ಕಿವಿ ಕುಯ್ದ. ಅತ್ತೆ ದಾರಿಯುದ್ದಕ್ಕೂ ಕಣ್ಣರಳಿಸಿ ನೋಡಿಕೊಂಡು ಬಂದು ಎಲ್ಲ ಒಪ್ಪಿಸುವರು. ಅವರು ಬಿದ್ದು ಬಿದ್ದು ನಗುವರು. ನಗುವಾಗ ಕನ್ನಡಿಯ ಒಳಬದಿ ಆವಿ ಕಟ್ಟುತ್ತಿತ್ತಂತೆ.

ಒಂದು ದಿನ ಮಾಸ್ಟ್ರು ತಮ್ಮ ಕಡೆಯಿಂದ ಗಾಜಿನ ಮೇಲೆ ಸೀಮೆಸುಣ್ಣದಿಂದ ಎರಡು ಗೀಟು ಎಳೆದರು. “ನಿಮ್ಮ ಬಲಭುಜ ಎಡಕ್ಕಿಂತ ಇಷ್ಟು ಕೆಳಗಿದೆ. ಚೀಲ ಯಾವಾಗಲೂ ಒಂದೇ ಕೈಲಿ ಹಿಡೀತೀರಾ.”

ತನ್ನ ಭುಜವನ್ನು ಅಷ್ಟು ಗಮನಿಸಿ ನೋಡಿದವರು ಆವರೆಗೆ ಯಾರೂ ಇರಲಿಲ್ಲ ಎಂದು ಹೇಳುವಾಗ ಅತ್ತೆಗೆ ಅರವತ್ತು ದಾಟಿತ್ತು. ಆಗಲೂ ಕಿವಿ ಕೆಂಪಾಯಿತು. ಆವತ್ತಿನಿಂದ ಚೀಲವನ್ನು ಎಡಗೈಗೆ ಬದಲಾಯಿಸಿದರು. ತಲೆ ಬಾಚುವುದಕ್ಕೆ ಹೊತ್ತು ಹಿಡಿಯತೊಡಗಿತು. ಅಮ್ಮ, ಡ್ರೈಕ್ಲೀನಿಂಗಿಗೆ ಯಾರಪ್ಪ ಅಂಥ ಗಿರಾಕಿ ಬರುತ್ತಿರೋದು ಎಂದು ಕಾಲೆಳೆದಳು. ಮಾಸ್ಟ್ರು ‘ನೀವು’ ಬಿಟ್ಟು ‘ನೀನು’ ಅಂದ ದಿನ ಅತ್ತೆ ಅಂಗೈಯನ್ನು ಗಾಜಿನ ಮೇಲೆ ಇಟ್ಟರು. ಅವರು ಆ ಕಡೆಯಿಂದ ಇಟ್ಟರು. ಮೂಳೆಗೆ ಇಳಿಯುವಂಥ ತಣ್ಣಗಿನ ಗಾಜು. ಮನೆಗೆ ಬಂದು ಒಲೆಯ ಮುಂದೆ ಹಿಡಿದರೂ ಆ ಕೈ ಮಲಗುವವರೆಗೆ ಬೆಚ್ಚಗಾಗಲಿಲ್ಲವಂತೆ. ಅದರಿಂದ ಅತ್ತೆಗೆ ಬೇಸರವೇನೂ ಆಗಲಿಲ್ಲ.

ಆಮೇಲೆ ನನಗೆ ಜ್ವರ ಬಂತು. ಆಗ ನನಗೆ ಆರು ವರ್ಷ. ಜ್ವರ ತಲೆಗೇರಿತು, ಮೈ ಸೆಟೆದುಕೊಂಡಿತು. ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ಅಪ್ಪ ಕಾರಿಡಾರಿನ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಜಾರಿ ಕೂತದ್ದನ್ನು ನೋಡಿ ಅತ್ತೆ ಆಸ್ಪತ್ರೆಯಿಂದ ಹೊರಬಿದ್ದರು. ಆಗಷ್ಟೇ ಬೆಳಗಾಗುತ್ತಿತ್ತು. ಸಾಹುಕಾರರ ಮನೆಯ ಬಾಗಿಲು ಬಡಿದು ಬೀಗದ ಕೈ ಈಸಿಕೊಂಡು ಅಂಗಡಿ ತೆರೆದರು.

ಮಾಸ್ಟ್ರು ಅವರ ಮುಖ ನೋಡಿದ ಕೂಡಲೇ ಬೇಡ ಎಂದರು.

“ನಾನಿನ್ನೂ ಏನೂ ಕೇಳಿಲ್ಲ.”

“ಕೇಳ್ತೀಯ. ಬೇಡ. ಇದು ಕಣ್ಣಲ್ಲ, ದೊಡ್ಡ ತೂತು. ಇದಕ್ಕೆ ನೂಲು ಪಕ್ಕದಿಂದಲೇ ಬರುತ್ತೆ. ಆ ಮಗುವಿಗೆ ತೀರಾ ಹತ್ತಿರ ಇರೋದರಿಂದ.”

“ಹತ್ತಿರ ಇರೋದು ನಾನೇ. ನನ್ನದೇ ತಗೊಳ್ಳಿ.”

ಅತ್ತೆ ಗಾಜಿಗೆ ಹಣೆ ಒತ್ತಿ ನಿಂತೇ ಇದ್ದರು. ಕೊನೆಗೆ ಮಾಸ್ಟ್ರು ಸರಿ ಎಂದರು. ಮೊದಲ ಸಲ ಅಂದ ಹಾಗೆ ಹಗುರವಾಗಿ ಅಲ್ಲ.

ಅತ್ತೆ ತಿರುಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ನನ್ನ ಜ್ವರ ಇಳಿದಿತ್ತು. ನಾನು ಎದ್ದು ಕೂತು ನೀರು ಕುಡಿಯುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಕೆದರಿದ ತಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಓಡಿ ಬಂದು ನನ್ನನ್ನು ಅಪ್ಪಿಕೊಂಡರು. ನಾನು ಅಮ್ಮನ ಕಡೆ ತಿರುಗಿ ಕೇಳಿದೆ, “ಇವರು ಯಾರು?”

ನನ್ನ ಬದುಕಿನಲ್ಲಿ ನನಗೆ ನೆನಪಿರುವ ಮೊದಲ ಗಳಿಗೆ ಅದು. ಅಪ್ಪ, ಅಮ್ಮ, ಮನೆ, ಬಾಗಿಲ ಬಣ್ಣ, ಎಲ್ಲ ಗುರುತಿತ್ತು. ಅತ್ತೆ ಮಾತ್ರ ಇರಲಿಲ್ಲ. ಅಂಥ ಜ್ವರದಲ್ಲಿ ಹೀಗಾಗುವುದುಂಟು, ತಾನಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ಸರಿಹೋಗಲಿಲ್ಲ. ಇವರು ನಿನ್ನ ಅತ್ತೆ ಎಂದು ಹೇಳಿಕೊಟ್ಟರು, ಶಾಲೆಯಲ್ಲಿ ಪಾಠ ಕಲಿತ ಹಾಗೆ ಕಲಿತೆ. ಮೊದಲು ಅವರನ್ನು ‘ನೀನು’ ಅನ್ನುತ್ತಿದ್ದೆನಂತೆ, ಆಮೇಲೆ ‘ನೀವು’ ಅಂದೆ. ಇಲ್ಲಿ ಅವರು, ಬಂದರು, ಹೇಳಿದರು ಎಂದು ಬರೆಯುತ್ತಿರುವುದೂ ಅದಕ್ಕೇ. ಅಮ್ಮನ ಬಗ್ಗೆ ಬರೆಯುವಾಗ ತಾನಾಗಿ ಕೈಗೆ ಬರುವ ಏಕವಚನ ಅತ್ತೆಯ ಬಗ್ಗೆ ಬರುವುದಿಲ್ಲ. ಅವರು ಮುಟ್ಟಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು, ಕತ್ತಲೆಯಲ್ಲಿ ಏನೋ ತಾಗಿದ ಹಾಗೆ. ನಾನು ಹಿಂದೆ ಸರಿಯುತ್ತಿದ್ದೆ. ಅತ್ತೆ ತಮ್ಮ ಹಾಸಿಗೆಯನ್ನು ಸದ್ದಿಲ್ಲದೆ ಅಡುಗೆಮನೆಗೆ ಒಯ್ದುಕೊಂಡರು. ಅಮ್ಮ ಆಗಾಗ ಅವರ ಮುಖ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅತ್ತೆ ಅತ್ತದ್ದನ್ನು ಯಾರೂ ನೋಡಲಿಲ್ಲ.

ಕನ್ನಡಿಯ ಮುಂದೆ ಅತ್ತಿದ್ದರು. ಮಾಸ್ಟ್ರು ಸಮಾಧಾನ ಹೇಳಲಿಲ್ಲ. ಅತ್ತೆ ಅತ್ತಷ್ಟು ದಿನವೂ ಎದುರಿಗೆ ನಿಂತಿದ್ದರು.

ಅದಾದ ಕೆಲವು ತಿಂಗಳ ಮೇಲೆ ಅಂಗಡಿಗೆ ಒಬ್ಬ ಮುದುಕಿ ಬಂದರು. ಬೆನ್ನು ಬಾಗಿದ್ದರೂ ಚುರುಕಾಗಿದ್ದರು. ಕಾಗದದಲ್ಲಿ ಸುತ್ತಿ ಒಂದು ಗಂಡಸಿನ ಕೋಟು ತಂದಿದ್ದರು, ಬೂದು ಬಣ್ಣದ್ದು, ಮೊಣಕೈಯಲ್ಲಿ ಹುಳು ತಿಂದಿತ್ತು. ಯಾರ ಕೋಟು ಎಂದು ಅತ್ತೆ ಸುಮ್ಮನೆ ಮಾತಿಗೆ ಕೇಳಿದರು.

“ಅದೇ ಗೊತ್ತಿಲ್ಲ ನೋಡಮ್ಮ. ನಾನು ಒಂಟಿ, ಮದುವೆ ಆದವಳಲ್ಲ. ಅಣ್ಣತಮ್ಮಂದಿರಿಲ್ಲ. ನನ್ನ ಬೀರುವಿನಲ್ಲಿ ಇದು ನಲವತ್ತು ವರ್ಷದಿಂದ ಇದೆ. ಎಸೆಯೋಣ ಅಂತ ಎಷ್ಟು ಸಲ ಕೈಗೆತ್ತಿಕೊಂಡೆನೋ, ಆಗಲೇ ಇಲ್ಲ. ಹುಳು ಬಿದ್ದದ್ದು ನೋಡಿದ ದಿನವೇ ಇಲ್ಲಿಗೆ ತಂದೆ. ಹುಚ್ಚು ಅಂದ್ಕೋಬೇಡ.”

ಅತ್ತೆ ಕೋಟನ್ನು ತಂದು ಸ್ಟೂಲಿನ ಮೇಲೆ ಕೂತು ಮಡಿಲಲ್ಲಿ ಹರಡಿದರು. ಏನೋ ಹೇಳುತ್ತಿದ್ದ ಮಾಸ್ಟ್ರು ಅರ್ಧಕ್ಕೇ ನಿಂತರು. ಅತ್ತೆ ತಲೆಯೆತ್ತಿ ನೋಡಿದರೆ ಅವರು ತಮ್ಮ ಅಂಗಿಯ ತೋಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆವತ್ತು ಅವರು ತಮ್ಮ ಕಥೆ ಹೇಳಿದರು. ಅವರು ಸತ್ತವರಲ್ಲ. ಹೆಂಡತಿಗೆ ಹೊಟ್ಟೆಯಲ್ಲಿದ್ದ ಕೂಸು ಹೋಗಿ, ಅವಳೂ ಹೋಗುವ ಸ್ಥಿತಿಗೆ ಬಂದಿದ್ದಳು. ಅವರು ಅಂಗಡಿಗೆ ಬಂದು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಈ ಕೋಣೆಯ ಬಾಗಿಲು ಹಾಕಿಕೊಂಡು, ಈ ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡುತ್ತಾ ಅವಳು ಉಳಿದರೆ ಸಾಕು ಅಂದಿದ್ದರು. ಆಗ ಕನ್ನಡಿಯಲ್ಲಿ ಯಾರೂ ಇರಲಿಲ್ಲ. ಅದು ಬರೀ ಕೇಳಿಸಿಕೊಂಡಿತು. ಹೆಂಡತಿ ಎದ್ದು ಕೂತಳು. ಮಾರನೆಯ ದಿನ ಸೆಕೆಯೆಂದು ಈ ಕೋಟನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಬಂದರೆ, ಅಂಗಡಿಯಲ್ಲಿ ದಿನಾ ಜೊತೆಗೆ ಕೂತು ಉಣ್ಣುತ್ತಿದ್ದವರು ಏನು ಬೇಕಿತ್ತು ಸಾರ್ ಎಂದು ಕೇಳಿದರು. ಮನೆಗೆ ಓಡಿದರು. ಬಾಗಿಲು ತೆರೆದ ಹೆಂಡತಿ, ಯಾರು ಬೇಕಿತ್ತು ಎಂದಳು. ಅವಳಿಗೆ ತೀರಾ ಹತ್ತಿರ ಇದ್ದದ್ದು ಅವರೇ, ನೂಲು ಅವರಿಂದಲೇ ಹೋಗಿತ್ತು. ಊರಲ್ಲಿ ಅಲೆದರು. ಜನರ ಕಣ್ಣು ಅವರ ಮೇಲೆ ನಿಲ್ಲುತ್ತಿರಲಿಲ್ಲ, ಜಾರಿ ಹೋಗುತ್ತಿತ್ತು. ಅಂಗಡಿಗಳ ಗಾಜಿನಲ್ಲಿ ಅವರ ಬಿಂಬ ಕಾಣುತ್ತಿರಲಿಲ್ಲ. ಈ ಒಂದು ಕನ್ನಡಿ ಮಾತ್ರ ಅವರನ್ನು ತೋರಿಸಿತು. ಬೇರೆ ಜಾಗವಿಲ್ಲದೆ ಇದರೊಳಕ್ಕೆ ಬಂದರು. ಅಂದಿನಿಂದ ಯಾರು ಏನು ಕೇಳಿದರೂ ಅದು ಅವರ ಕೈಯಿಂದಲೇ ಆಗುತ್ತಿತ್ತು.

ಮಾತು ಮುಗಿಸಿ ಅವರು ಬಹಳ ಹೊತ್ತು ಅತ್ತೆಯ ಮಡಿಲಲ್ಲಿದ್ದ ಕೋಟನ್ನೇ ನೋಡಿದರು. ಆಮೇಲೆ ಅದುವರೆಗೆ ಒಮ್ಮೆಯೂ ಆಡದ ಮಾತು ಆಡಿದರು.

“ನೀನು ಕೇಳಿದರೆ ನಾನು ಹೊರಗೆ ಬರಬಹುದು. ನಿನ್ನ ಜೊತೆ ಬೀದಿಯಲ್ಲಿ ನಡೀಬಹುದು. ನಾನಾಗೇ ಕೇಳಿಕೊಳ್ಳೋಕೆ ಆಗಲ್ಲ, ಹೊರಗಿನ ಬದುಕಿನದು ನನ್ನ ಹತ್ತಿರ ಒಂದೆಳೆಯೂ ಇಲ್ಲ.”

“ಎಲ್ಲಿಂದ ತೆಗೀತೀರಾ?” ಎಂದರು ಅತ್ತೆ.

ಅವರು ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು.

ಅತ್ತೆ ಮನೆಗೆ ಬಂದರು. ಆ ಸಂಜೆ ನನಗೂ ಮಸುಕಾಗಿ ನೆನಪಿದೆ. ನನ್ನ ಶಾಲೆಯ ಚೀಲದ ಪಟ್ಟಿ ಹರಿದಿತ್ತು. ಅದನ್ನು ಅವರ ಮುಂದೆ ಇಟ್ಟು, ಎರಡು ಹೆಜ್ಜೆ ಹಿಂದೆ ನಿಂತು, ಅತ್ತೆ ಇದನ್ನ ಹೊಲಿದು ಕೊಡ್ತೀರಾ ಎಂದು ಕೇಳಿದೆ. ಅವರು ಹೊಲಿಯುತ್ತಾ ಕೂತರು. ಅಪ್ಪ ಪೇಪರು ಮುಖಕ್ಕೆ ಹಾಕಿಕೊಂಡು ನಿದ್ದೆಹೋಗಿದ್ದ. ಅಮ್ಮ ಎದುರು ಮನೆಯವರೊಡನೆ ಕಿಟಕಿಯಲ್ಲಿ ಮಾತಾಡುತ್ತಿದ್ದಳು. ಅತ್ತೆ ಒಬ್ಬೊಬ್ಬರನ್ನೇ ನೋಡಿದರು. ಅಣ್ಣನಿಗೆ ಹೇಗೂ ವಯಸ್ಸಾಯಿತು ಅನ್ನಿಸಿತು. ಅತ್ತಿಗೆಗೆ ತಾನು ಎಷ್ಟೆಂದರೂ ಹೊರಗಿನವಳೇ, ಅವಳು ತನ್ನನ್ನು ಮರೆತರೆ ಅವಳಿಗೇನು ನಷ್ಟ ಅನ್ನಿಸಿತು. ಈ ಹುಡುಗಿಯಲ್ಲಂತೂ ತೆಗೆಯಲು ಇನ್ನೇನೂ ಉಳಿದಿಲ್ಲ ಅನ್ನಿಸಿತು. ಆಗ ಕೈಯಲ್ಲಿದ್ದ ಸೂಜಿ ನಿಂತಿತು. ಒಳಮಡಿಕೆಯಲ್ಲಿ ಎಲ್ಲಿ ನೂಲು ಗಟ್ಟಿಯಾಗಿದೆ ಎಂದು ಹುಡುಕುವ ಹಾಗೆ ತಾನು ಮನೆಯವರನ್ನು ತಡಕುತ್ತಿದ್ದೇನೆ ಎಂದು ಅವರಿಗೆ ಗೊತ್ತಾಯಿತು.

“ಕನ್ನಡಿಯಲ್ಲಿ ಮನುಷ್ಯನ್ನ ಕಂಡಾಗಲೂ ನನಗೆ ಅಷ್ಟು ಭಯ ಆಗಿರಲಿಲ್ಲ,” ಎಂದರು ಅತ್ತೆ ನನಗೆ.

ಮರುದಿನ ಹೋಗಿ, ಆಗಲ್ಲ ಮಾಸ್ಟ್ರೇ ಎಂದರು. ಅವರು ತಲೆಯಾಡಿಸಿದರು. ಅದಾದ ಮೇಲೆ ಒಂದಷ್ಟು ದಿನ ಕನ್ನಡಿಯಲ್ಲಿ ಬರೀ ಬಟ್ಟೆಗಳೇ ಕಂಡವು. ಅತ್ತೆ ಕೋಟಿನ ಮೊಣಕೈ ನೇಯ್ದು ಮುಗಿಸಿದರು. ಅಂಥ ಕೆಲಸ ಅವರ ಕೈಯಿಂದ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲವಂತೆ.

ಮುದುಕಿ ಕೋಟು ಒಯ್ಯಲು ಬಂದಾಗ ಅತ್ತೆ ಅವರನ್ನು ಒಳಗೆ ಕರೆದುಕೊಂಡು ಬಂದರು. ಬೆಳಕಿನಲ್ಲಿ ನೋಡಿ ಎಂದು ಕೋಟನ್ನು ಕನ್ನಡಿಯ ಪಕ್ಕದ ಮೊಳೆಗೆ ತೂಗುಹಾಕಿದರು. ಮುದುಕಿ ಮೊಣಕೈ ಸವರಿ ನೋಡಿದರು, ಮೆಚ್ಚಿಕೊಂಡರು. ಆಮೇಲೆ ಮಾತಿನ ನಡುವೆಯೇ, ನೋಡದೆ, ಕೈಯೆತ್ತಿ ಆ ಕೋಟಿನ ಕಾಲರು ಸರಿಮಾಡಿ, ಎದೆಯ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದರು. ಕೆಲಸಕ್ಕೆ ಹೊರಟವರನ್ನು ಕಳಿಸುವ ಹಾಗೆ. ತಾವು ಹಾಗೆ ಮಾಡಿದ್ದು ಅವರ ಗಮನಕ್ಕೇ ಬರಲಿಲ್ಲ. ಕನ್ನಡಿಯೊಳಗೆ ಮಾಸ್ಟ್ರು ಬಂದು ನಿಂತಿದ್ದರು. ಮುದುಕಿಗೆ ಅವರು ಕಾಣಲಿಲ್ಲ. ಕೋಟು ಮಡಿಚಿಕೊಂಡು ಹೊರಟುಹೋದರು.

ಮಾಸ್ಟ್ರು ಆವತ್ತು ಶಾಂತವಾಗಿದ್ದರು. ಇನ್ನು ಅವಳ ಬಗ್ಗೆ ಚಿಂತೆಯಿಲ್ಲ ಅಂದರು. ಸ್ವಲ್ಪ ಹೊತ್ತಾದ ಮೇಲೆ, “ನನ್ನದೂ ಒಂದಿಷ್ಟು ಬಟ್ಟೆ ಇದೆ,” ಎಂದರು. “ನೀನು ಬಂದು ಕೂತ ಮಧ್ಯಾಹ್ನಗಳು. ಅದರಿಂದ ನೂಲು ತೆಗೆದು ನಿಮ್ಮ ಮನೆಗೆ ಅಂತ ನಾನು ಒಂದು ಕೇಳ್ತೀನಿ.”

“ಏನು ಅಂತ ಹೇಳಿ.”

“ಹೇಳಿದರೆ ನೀನು ಬೇಡ ಅಂತೀಯ.”

ಅತ್ತೆ ಬೇಡ ಅಂದರು. ಹೇಳದಿದ್ದರೂ ಬೇಡ ಅಂದರು. ಕತ್ತಲಾಗುವವರೆಗೂ ಕೂತು ಬೇಡಿಕೊಂಡರು. ಅವರು ಗಾಜಿಗೆ ಅಂಗೈ ಇಟ್ಟರು, ಇವರೂ ಇಟ್ಟರು. ಸಾಹುಕಾರರು ಬಾಗಿಲು ಹಾಕಬೇಕು ಎಂದು ಮುಂದಿನಿಂದ ಕೂಗಿದಾಗ ಅತ್ತೆ ಎದ್ದು ಬಂದರು.

ಮರುದಿನ ಅತ್ತೆ ಹೋದಾಗ ಅವರು ಅಲ್ಲೇ ಇದ್ದರು. ಟೇಪು ಕುತ್ತಿಗೆಯಲ್ಲಿತ್ತು. ಅತ್ತೆಯ ಕಡೆ ನೋಡಿದರು. ಹೊಸ ಗಿರಾಕಿಯನ್ನು ನೋಡುವ ಹಾಗೆ ಮರ್ಯಾದೆಯಿಂದ ನೋಡಿದರು.

“ಏನು ಬೇಕಿತ್ತಮ್ಮ?”

ಅತ್ತೆ ಸ್ಟೂಲು ಹಿಡಿದುಕೊಂಡು ನಿಂತರು. “ಏನೂ ಬೇಡ. ಸುಮ್ಮನೆ ನೋಡೋಕೆ ಬಂದೆ,” ಎಂದರು.

ಅವರು ಸರಿ ಎಂಬಂತೆ ತಲೆಬಾಗಿಸಿ, ತೂಗಾಡುತ್ತಿದ್ದ ಬಟ್ಟೆಗಳ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ನಡೆದರು. ಕೋಣೆಯ ಹಿಂಗೋಡೆ ಎಲ್ಲಿರಬೇಕಿತ್ತೋ ಅದನ್ನೂ ದಾಟಿ ನಡೆಯುತ್ತಲೇ ಹೋದರು, ಚಿಕ್ಕದಾಗುತ್ತಾ. ಆಮೇಲೆ ಕನ್ನಡಿಯಲ್ಲಿ ಅತ್ತೆಯೊಬ್ಬರೇ ಉಳಿದರು. ಬಟ್ಟೆಗಳ ತೋಳುಗಳು ನೇರವಾಗಿ ಕೆಳಗೆ ಇಳಿಬಿದ್ದಿದ್ದವು.

ಅತ್ತೆ ಆ ಅಂಗಡಿಯಲ್ಲಿ ಇನ್ನೂ ಬಹಳ ವರ್ಷ ಕೆಲಸ ಮಾಡಿದರು. ಮಾಸ್ಟ್ರು ಏನು ಕೇಳಿದರು ಅನ್ನುವುದು ಅತ್ತೆಗೆ ಕೊನೆಗೂ ತಿಳಿಯಲಿಲ್ಲ. ಡಿಪೋದಲ್ಲಿ ಜಾಕ್ ಜಾರಿ ಬಸ್ಸು ಕೆಳಗೆ ಕೂತಾಗ ಅಪ್ಪ ಆಗಷ್ಟೇ ಸ್ಪ್ಯಾನರ್ ತರಲು ಹೊರಗೆ ಬಂದಿದ್ದ. ಅಮ್ಮನ ಎದೆಯ ಗಂಟು ಏನೂ ಅಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ನಾನು ದಿನವೂ ಹೋಗುತ್ತಿದ್ದ ಬಸ್ಸು ಸೇತುವೆಯಿಂದ ಬಿದ್ದ ದಿನ ನನಗೆ ಹಲ್ಲುನೋವು ಬಂದು ಮನೆಯಲ್ಲಿದ್ದೆ. ಪ್ರತಿ ಸಲವೂ ಮನೆಯೆಲ್ಲ ನಿಟ್ಟುಸಿರು ಬಿಟ್ಟು ನಗುತ್ತಿದ್ದರೆ ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಒಬ್ಬರೇ ನಿಲ್ಲುತ್ತಿದ್ದರು. ಅದನ್ನು ನಾನು ನೋಡಿದ್ದೆ, ಇವರಿಗೆ ನಮ್ಮ ಸಂತೋಷ ಹಿಡಿಸುವುದಿಲ್ಲ ಅಂದುಕೊಂಡಿದ್ದೆ. ಇದೇ ಇರಬೇಕು, ಇದೇ ಮಾಸ್ಟ್ರು ಕೇಳಿದ್ದಿರಬೇಕು ಎಂದು ಅವರು ಅಲ್ಲಿ ನಿಂತು ಅಂದುಕೊಳ್ಳುತ್ತಿದ್ದರಂತೆ. ಈಗ ಈ ಅಭ್ಯಾಸ ನನಗೂ ಅಂಟಿದೆ. ಏನಾದರೂ ಒಳ್ಳೆಯದಾದರೆ, ಇದಕ್ಕೆ ಎಲ್ಲಿ ಏನು ಹೋಯಿತೋ ಎಂದು ಒಂದು ಗಳಿಗೆ ಹತ್ತಿರದವರ ಮುಖಗಳನ್ನು ಎಣಿಸುತ್ತೇನೆ.

ಕೊನೆಯ ವರ್ಷ ಅತ್ತೆ ಹಾಸಿಗೆ ಹಿಡಿದರು. ಅಷ್ಟರಲ್ಲಿ ಅಪ್ಪ ಅಮ್ಮ ಇರಲಿಲ್ಲ. ನಾನೇ ನೋಡಿಕೊಂಡೆ. ಮುಟ್ಟಿದರೆ ಜುಮ್ಮೆನ್ನುವುದು ಪೂರ್ತಿ ಹೋಗಲಿಲ್ಲ, ಅಭ್ಯಾಸವಾಯಿತು. ಒಂದು ಬೆಳಿಗ್ಗೆ ನಾನು ಅವರ ತಲೆ ಬಾಚುತ್ತಿದ್ದಾಗ, ನಿನಗೆ ನನ್ನ ಮೇಲೆ ನಿಜವಾಗಿ ಏನನ್ನಿಸುತ್ತೆ, ಮುಚ್ಚುಮರೆ ಬೇಡ ಎಂದು ಕೇಳಿದರು. ನಾನು ಯೋಚಿಸಿದೆ.

“ಗೊತ್ತಿಲ್ಲ ಅತ್ತೆ. ಅಮ್ಮನ ಮೇಲೆ ಇದ್ದ ಹಾಗೆ ಅಲ್ಲ. ಆದರೆ ಮೊನ್ನೆ ನೀವು ಆಸ್ಪತ್ರೆಯಲ್ಲಿ ಉಳಿದ ದಿನ ಮನೆಗೆ ಬಂದು, ಲೈಟು ಹಾಕೋಕೂ ಮನಸ್ಸಾಗದೆ ಹಾಗೇ ಕೂತಿದ್ದೆ.”

ಅತ್ತೆ ತಲೆ ಮುಟ್ಟಿ ನೋಡಿಕೊಂಡು, ಬೈತಲೆ ಓರೆಯಾಗಿದೆ, ಬಿಚ್ಚಿ ಮತ್ತೆ ತೆಗಿ ಎಂದರು. ಬಿಚ್ಚಿ ಮತ್ತೆ ಬಾಚಿದೆ. ಆ ವಾರವೇ ಹೋದರು, ಮಧ್ಯಾಹ್ನದ ಊಟ ಆದ ಮೇಲೆ, ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದಾಗ.